ಭಾನುವಾರ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಾಗ

ಪ್ರಿಯ ಸಹೋದರಿ,

ಉಡುಪಿಯಿಂದ ಸ್ಟುಟ್‌ಗಾರ್ಟಿಗೆ ನರ್ಸ್ ಆಗಿ ಬಂದು ನಾಲ್ಕು ತಿಂಗಳಾಯಿತೆಂದೂ, ಊರಿನಲ್ಲಿ ಸಭೆಯ (ಚರ್ಚಿನ) ಯುವಜನರ ಕೂಟದಲ್ಲಿ ಎದ್ದು ನಿಂತು ನಂಬಿಕೆಯ ಸಾಕ್ಷಿ ಹೇಳುತ್ತಿದ್ದ ನಿಮಗೆ ಇಲ್ಲಿ ಊಟಕ್ಕೆ ಮೊದಲು ಕಣ್ಣು ಮುಚ್ಚಲೂ ಸಂಕೋಚವಾಗುತ್ತಿದೆಯೆಂದೂ ಬರೆದು, ಧೈರ್ಯ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿರುವ ನನಗೆ ಆ ಸಂಕೋಚದ ಪರಿಚಯ ಚೆನ್ನಾಗಿಯೇ ಇದೆ.

ಇಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ. ಜರ್ಮನಿಯ ಸಂವಿಧಾನದ 4ನೆಯ ವಿಧಿ ನಂಬಿಕೆಯ ಸ್ವಾತಂತ್ರ್ಯವನ್ನು ಕಾಪಾಡುತ್ತದೆ. ಶುಭ ಶುಕ್ರವಾರ ಸಾರ್ವಜನಿಕ ರಜೆ. ಬೇಕರಿಯಾಕೆಯೂ ‘ಗ್ರ್ಯೂಸ್ ಗಾಟ್’ ಎಂದು ದೇವರ ಹೆಸರೆತ್ತಿಯೇ ವಂದಿಸುತ್ತಾಳೆ, ಆದರೆ ಆ ವಂದನೆಯೊಳಗೆ ದೇವರಿದ್ದಾನೆಂಬುದು ಹೇಳುವವರಿಗೂ ನೆನಪಿರುವುದಿಲ್ಲ. ಧರ್ಮವನ್ನು ಇವರು ಸಂಬಳದ ಮೊತ್ತದ ಹಾಗೆ ಖಾಸಗಿಯಾಗಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ನಾವು ಹೆದರುವುದೆಲ್ಲ ಕ್ಯಾಂಟೀನಿನ ಮೇಜಿನ ಮೇಲೆ ಒಂದು ಕ್ಷಣ ಕವಿಯುವ ಮೌನಕ್ಕೆ.

ನಾನು ಮೊದಲ ಮೂರು ವರ್ಷ ಆ ಮೌನವನ್ನು ತಪ್ಪಿಸಿಕೊಂಡೇ ಬದುಕಿದೆ. ಕಾರ್ಖಾನೆಯಲ್ಲಿ ಸೋಮವಾರ ಬೆಳಿಗ್ಗೆ ರಜೆ ಹೇಗೆ ಕಳೆಯಿತೆಂದು ಕೇಳಿದವರಿಗೆ ಶನಿವಾರದ ಕಥೆ ಹೇಳಿ ಭಾನುವಾರವನ್ನು ನುಂಗಿಬಿಡುತ್ತಿದ್ದೆ. ಆಮೇಲೆ ಒಂದು ಉಪಾಯ ಸಿಕ್ಕಿತು. ಭಾರತದವರು ಕ್ರೈಸ್ತರಾದದ್ದು ಹೇಗೆಂದು ಯಾರಾದರೂ ಕೇಳಿದರೆ (ನಿಮ್ಮನ್ನೂ ಕೇಳುತ್ತಾರೆ), 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಿಂದ ಆರಂಭಿಸಿ, ಇದೇ ವ್ಯುರ್ಟೆಂಬರ್ಗ್ ಸೀಮೆಯ ಮಿಶನರಿ ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ್ದನ್ನೂ, 1894ರಲ್ಲಿ ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದನ್ನೂ, ಆ ಕಿಟ್ಟೆಲರು 1903ರಲ್ಲಿ ಇಲ್ಲೇ ಹತ್ತಿರದ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡದ್ದನ್ನೂ ವಿವರಿಸುತ್ತಿದ್ದೆ. ಕೇಳಿದವರು ಬೆರಗಾಗುತ್ತಿದ್ದರು, ನನಗೂ ಹೆಮ್ಮೆಯಾಗುತ್ತಿತ್ತು. ಆದರೆ ಅದನ್ನು ಹೇಳಲು ಧೈರ್ಯವೇನೂ ಬೇಕಿರಲಿಲ್ಲ. ಅದು ನನ್ನ ಮುತ್ತಜ್ಜನ ನಂಬಿಕೆಯ ಚರಿತ್ರೆ. ನಾನು ಏಕೆ ಪ್ರಾರ್ಥಿಸುತ್ತೇನೆಂಬುದನ್ನು ಆ ಚರಿತ್ರೆಯ ಹಿಂದೆ ಬಚ್ಚಿಟ್ಟಿದ್ದೆ.

ಭಾಷೆಯೂ ಒಂದು ಕಾರಣವೆಂದು ಈಗ ಅನಿಸುತ್ತದೆ. ‘ಕರ್ತನ ಕೃಪೆ’, ‘ದೇವರು ನಡೆಸಿದರು’ ಎಂಬ ಮಾತುಗಳು ಕನ್ನಡದಲ್ಲಿ ನಮಗೆ ಅಜ್ಜಿಯ ಬಾಯಿಂದಲೇ ಸಿದ್ಧವಾಗಿ ಸಿಕ್ಕಿವೆ. ಜರ್ಮನ್ ಭಾಷೆಯಲ್ಲಿ ಒಂದೊಂದನ್ನೂ ಹೊಸದಾಗಿ ಹುಡುಕಿಕೊಳ್ಳಬೇಕು. ಇದಕ್ಕೆ ನನಗೆ ನೆರವಾದದ್ದು ಹೆರ್ನ್‌ಹೂಟ್ ಎಂಬ ಊರಿನ ಕ್ರೈಸ್ತ ಸಮುದಾಯದ ‘ಲೋಸುಂಗನ್’. 1731ರಿಂದ ಪ್ರತಿವರ್ಷ ಅಚ್ಚಾಗುತ್ತ ಬಂದಿರುವ, ದಿನಕ್ಕೊಂದಿಷ್ಟು ಬೈಬಲ್ ವಚನವಿರುವ ಪುಟ್ಟ ಪುಸ್ತಕವದು. ಬೆಳಿಗ್ಗೆ ಟ್ರಾಮಿನಲ್ಲಿ ಅದನ್ನು ಓದಿಕೊಂಡರೆ ನಂಬಿಕೆಯ ಮಾತುಗಳು ಈ ಭಾಷೆಯಲ್ಲೂ ನಾಲಿಗೆಗೆ ಒಗ್ಗುತ್ತವೆ.

ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮದ ಅಂಕಣವನ್ನು ಖಾಲಿ ಬಿಡಿರೆಂದು ಗೆಳತಿಯರು ಹೇಳಿದರೆಂದೂ ಬರೆದಿದ್ದೀರಿ. ‘ಎವಾಂಗೆಲಿಶ್’ (ಪ್ರೊಟೆಸ್ಟೆಂಟ್) ಎಂದು ಬರೆದರೆ ಈ ರಾಜ್ಯದಲ್ಲಿ ನಿಮ್ಮ ಆದಾಯ ತೆರಿಗೆಯ ಶೇ. 8ರಷ್ಟು ಸಭೆಯ ತೆರಿಗೆಯಾಗಿ ಸೇರುತ್ತದೆ. ಅದು ಸಂಬಳದ ಶೇ. 8 ಅಲ್ಲ ಎಂಬುದನ್ನು ಗಮನಿಸಿ. ನಾನು ಬರೆದೆ. ಮಾತಿಗೆ ಹಿಂಜರಿಯುತ್ತಿದ್ದ ಕಾಲದಲ್ಲಿ ಅದೊಂದೇ ನಾನು ಕೊಟ್ಟ ಸಾಕ್ಷಿ.

ಬಾಯಿಬಿಟ್ಟು ಹೇಳಿದ್ದು ನಾಲ್ಕನೆಯ ವರ್ಷದಲ್ಲಿ, ಅದೂ ನನ್ನ ಧೈರ್ಯದಿಂದಲ್ಲ. ಪಕ್ಕದ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದವನು ಒಂದು ಸಂಜೆ ಕೈಯ ಗ್ರೀಸು ತೊಳೆಯುತ್ತ, “ನಿನ್ನ ಚೀಲದಲ್ಲಿ ಆ ಪುಸ್ತಕ ನೋಡಿದ್ದೇನೆ, ನನ್ನ ತಾಯಿಗೆ ನಾಳೆ ಆಪರೇಶನ್, ನೀನು ಏನಾದರೂ ಹೇಳುತ್ತೀಯಾ?” ಎಂದ. ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ, ಮೂರು ವಾಕ್ಯ ಪ್ರಾರ್ಥಿಸಿದೆ. ಮೂರರಲ್ಲೂ ವ್ಯಾಕರಣ ತಪ್ಪಿತ್ತು. ನನ್ನ ಜರ್ಮನ್ನನ್ನು ದಿನವೂ ತಿದ್ದುತ್ತಿದ್ದ ಆ ಮನುಷ್ಯ ಅಂದು ತಿದ್ದಲಿಲ್ಲ. ಮರುದಿನದಿಂದ ಭಾನುವಾರದ ಬಗ್ಗೆ ಕೇಳಿದವರಿಗೆ ಆರಾಧನೆಗೆ ಹೋಗಿದ್ದೆನೆಂದು ಹೇಳುವುದು ನನಗೆ ಕಷ್ಟವಾಗಲಿಲ್ಲ.

ನಿಮ್ಮ ಕೆಲಸದಲ್ಲಿ ಒಂದು ಎಚ್ಚರ ಬೇಕು. ರೋಗಿಗಳು ತಾವಾಗಿ ಕೇಳದೆ ನೀವು ಆರಂಭಿಸಬೇಡಿ. ಹಾಸಿಗೆ ಹಿಡಿದವರಿಗೆ ಮಾತು ಬೇಡವಾದರೆ ಎದ್ದುಹೋಗುವ ಅನುಕೂಲವಿಲ್ಲ. ಕೇಳಿದರೆ ಚಿಕ್ಕದಾಗಿ ಉತ್ತರಿಸಿ, ಆಸ್ಪತ್ರೆಯ ಪಾದ್ರಿಯವರಿಗೆ ತಿಳಿಸಿ. ಊಟದ ಪ್ರಾರ್ಥನೆಗೆ ಮಾತ್ರ ಯಾರ ಅಪ್ಪಣೆಗೂ ಕಾಯಬೇಡಿ. ಅರ್ಧ ನಿಮಿಷ ಸಾಕು, ಸೂಪೂ ಆರುವುದಿಲ್ಲ.