'ಗುಡ್' ಅಂತ ಬರೆದೇ ಬಡ್ತಿ ತಪ್ಪಿಸಿದರು

ಮೈಸೂರಿನ ಓದುಗರೊಬ್ಬರ ಪತ್ರ: "ವರ್ಷವಿಡೀ ನನ್ನ ಮೇಲೆ ಒಂದು ದೂರೂ ಇರಲಿಲ್ಲ. ಅಪ್ರೈಸಲ್ ದಿನ ಮ್ಯಾನೇಜರ್ 'ಕೆಲಸ ಚೆನ್ನಾಗಿದೆ' ಎಂದು ಹೊಗಳಿ, ಐದಕ್ಕೆ ಮೂರು ಕೊಟ್ಟರು. ಕೇಳಿದರೆ 'ಬೆಲ್ ಕರ್ವ್ ರೀ, ನನ್ನ ಕೈಲಿಲ್ಲ' ಅಂತಾರೆ. ಇದು ನ್ಯಾಯವೇ?"

ಸಂಪಾದಕರ ಉತ್ತರ:

ನ್ಯಾಯ ಅಲ್ಲ. ಹತ್ತು ಜನರ ತಂಡದಲ್ಲಿ ಹತ್ತೂ ಜನ ಬೆವರು ಸುರಿಸಿದರೂ ಇಬ್ಬರು ಮೇಲೆ, ಒಬ್ಬರು ಕೆಳಗೆ ಇರಲೇಬೇಕು ಅನ್ನುವ ಲೆಕ್ಕವೇ ಈ ಬೆಲ್ ಕರ್ವ್. ಅಮೆರಿಕದ ಜಿಇ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಇದನ್ನು 20-70-10 (ಮೇಲೆ ಶೇ 20, ನಡುವೆ ಶೇ 70, ಕೆಳಗೆ ಶೇ 10) ಎಂದು ಹೆಸರುವಾಸಿ ಮಾಡಿದರು. ಮೈಕ್ರೋಸಾಫ್ಟ್ 2013ರಲ್ಲೇ ಇಂಥ ಪದ್ಧತಿಯನ್ನು ಕೈಬಿಟ್ಟಿತು.

ಆದರೆ ನನಗೆ ಜಾಸ್ತಿ ಚುಚ್ಚಿದ್ದು ಆ ಮೂರಲ್ಲ, 'ಚೆನ್ನಾಗಿದೆ' ಅನ್ನುವ ಮಾತು. ಗಡಿ ರಸ್ತೆ ವಿಭಾಗದಲ್ಲಿ ದೇವ್ ದತ್ ಎಂಬ ಎಂಜಿನಿಯರ್ ಇದ್ದರು. ಬಡ್ತಿಗೆ ಮೇಲಧಿಕಾರಿ ಬರೆಯುವ ವಾರ್ಷಿಕ ವರದಿಯಲ್ಲಿ ಐದು ವರ್ಷ 'ವೆರಿ ಗುಡ್' ಬೇಕಿತ್ತು. ನಾಲ್ಕು ವರ್ಷ ಸಿಕ್ಕಿತು. 1993-94ರ ವರದಿಯಲ್ಲಿ ಬರೀ 'ಗುಡ್'. ಬಡ್ತಿ ಹೋಯಿತು. ಹಾಗೆ ಬರೆದದ್ದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ಕೆಟ್ಟದ್ದು ಬರೆದರೆ ಮಾತ್ರ ತಿಳಿಸುವುದು ಆಗಿನ ರೂಢಿ, 'ಗುಡ್' ಕೆಟ್ಟದ್ದಲ್ಲವಲ್ಲ! 2008ರಲ್ಲಿ ಸುಪ್ರೀಂ ಕೋರ್ಟ್, ಒಳ್ಳೆಯದೋ ಕೆಟ್ಟದ್ದೋ, ಬರೆದದ್ದನ್ನೆಲ್ಲ ನೌಕರನಿಗೆ ತಿಳಿಸಬೇಕು ಎಂದಿತು. ಮರುವರ್ಷದಿಂದ ಕೇಂದ್ರ ಸರ್ಕಾರದ ನೌಕರರಿಗೆ ಪೂರ್ತಿ ವರದಿ ಕೈಗೆ ಬರುತ್ತದೆ. ಆಕ್ಷೇಪಕ್ಕೆ 15 ದಿನ ಸಮಯ.

ಈ ತೀರ್ಪು ನಿಮ್ಮ ಖಾಸಗಿ ಕಂಪನಿಯನ್ನು ಕಟ್ಟಿಹಾಕುವುದಿಲ್ಲ. ಆದರೂ ಅದೇ ಪ್ರಶ್ನೆ ಕೇಳಿ: "ನನಗೆ ನಾಲ್ಕು ಸಿಗಬೇಕಿದ್ದರೆ ಏನು ಮಾಡಬೇಕಿತ್ತು? ಬರೆದು ಕೊಡಿ." ಮೇಲ್‌ನಲ್ಲೇ ಕೇಳಿ. ಕಾಫಿ ಕುಡಿಯುತ್ತಾ ಕೇಳಿದರೆ ಉತ್ತರವೂ ಕಾಫಿ ಲೋಟದ ಜೊತೆ ತೊಳೆದು ಹೋಗುತ್ತದೆ.

ಇನ್ನೊಂದು ವಿಷಯ, ಇದು ನಮ್ಮ ತಪ್ಪೇ. ನಮ್ಮಲ್ಲಿ ಕರಡು ತಿದ್ದುವವರೊಬ್ಬರಿದ್ದಾರೆ. ಅವರು ಹಿಡಿದ ತಪ್ಪುಗಳು ಅಚ್ಚಾಗುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿಸಿಕೊಂಡ ಒಂದು ಒತ್ತಕ್ಷರ ಮಾತ್ರ ಊರಿಗೆಲ್ಲ ಕಾಣುತ್ತದೆ. ಎಷ್ಟೋ ವರ್ಷ ನಾನು ಆ ಒತ್ತಕ್ಷರ ನೋಡಿಯೇ ಅವರನ್ನು ಅಳೆದೆ. ಒಂದು ಸಲ ಅವರು ಕೆಂಪು ಶಾಯಿ ತುಂಬಿದ ಹಳೇ ಕರಡುಗಳ ಕಟ್ಟನ್ನೇ ತಂದು ಮೇಜಿನ ಮೇಲಿಟ್ಟರು. ನಾನು ತೆಪ್ಪಗಾದೆ.

ನಿಮ್ಮ ಕೆಲಸದಲ್ಲೂ ಇಂಥ ಕೆಂಪು ಶಾಯಿ ಇರುತ್ತದೆ, ಅಲ್ವಾ? ಪ್ರತಿ ಶುಕ್ರವಾರ ಸಂಜೆ ಎರಡು ಸಾಲು ಬರೆದಿಡಿ. ಮುಂದಿನ ಅಪ್ರೈಸಲ್‌ಗೆ ಹೋಗುವಾಗ ಆ ಕಟ್ಟು ಕೈಯಲ್ಲಿರಲಿ.