ಮಗಳನ್ನು ಕೊಂದವನ ‘ಸಿಟ್ಟಿಗೆ’ ಕಾನೂನಿನಲ್ಲಿ ರಿಯಾಯಿತಿ ಇದೆಯೇ?

ಪ್ರಶ್ನೆ: ಬೇರೆ ಜಾತಿಯವನನ್ನು ಮದುವೆಯಾದ ಮಗಳನ್ನು ಕೊಂದ ತಂದೆ ‘ಸಿಟ್ಟಿನ ಭರದಲ್ಲಿ ಆಗಿಹೋಯಿತು’ ಎಂದರೆ ಶಿಕ್ಷೆ ಇಳಿಯುತ್ತದೆಯೇ? ಈ ರಿಯಾಯಿತಿ ನಮ್ಮ ಸಂಪ್ರದಾಯದ್ದೋ, ಬ್ರಿಟಿಷರದ್ದೋ?

ಉತ್ತರ: ಕೊಲ್ಲಲು ಸಿಗುವ ನೆಪ ನಮ್ಮ ಜಾತಿ ವ್ಯವಸ್ಥೆಯದು, ಅದನ್ನು ಬ್ರಿಟಿಷರ ತಲೆಗೆ ಕಟ್ಟುವಂತಿಲ್ಲ. ಕೋರ್ಟಿನಲ್ಲಿ ಎತ್ತುವ ‘ಸಿಟ್ಟಿನ’ ವಾದ ಮಾತ್ರ ಇಂಗ್ಲೆಂಡಿನ ಸರಕು. ಹೆಂಡತಿಯೊಡನೆ ವ್ಯಭಿಚಾರ ನಡೆಸುವುದು ಗಂಡನ ಆಸ್ತಿಯ ಮೇಲಿನ ಅತಿದೊಡ್ಡ ಆಕ್ರಮಣ ಎಂದು ಅಲ್ಲಿನ ನ್ಯಾಯಮೂರ್ತಿ ಹೋಲ್ಟ್ 1707ರಲ್ಲೇ ಹೇಳಿದ್ದರು. ಆಸ್ತಿ ಎಂಬ ಮಾತನ್ನು ಗಮನಿಸಿ. ಗಂಡಸಿನ ಇಂಥ ಕೋಪಕ್ಕೆ ಮಣೆ ಹಾಕುವ ತತ್ವವೇ 1860ರ ಐಪಿಸಿಯ ಸೆಕ್ಷನ್ 300ಕ್ಕೆ ಮೊದಲ ವಿನಾಯಿತಿಯಾಗಿ ಸೇರಿತು: ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ಯಿಂದ ಹಿಡಿತ ತಪ್ಪಿ ಕೊಂದರೆ ಅದು ಕೊಲೆಯಲ್ಲ. ಇಂಗ್ಲೆಂಡ್ ತನ್ನ ಹಳೆಯ ನಿಯಮವನ್ನು 2009ರ ಕಾಯ್ದೆಯಿಂದ ತೆಗೆದುಹಾಕಿತು. ಐಪಿಸಿಯ ಜಾಗದಲ್ಲಿ ನಾವು 2024ರ ಜುಲೈ 1ರಂದು ಜಾರಿಗೆ ತಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 101ರಲ್ಲೂ ಅದನ್ನು ಉಳಿಸಿಕೊಂಡೆವು.

ವ್ಯತ್ಯಾಸ ಸಣ್ಣದಲ್ಲ. ಕೊಲೆಗೆ ಸೆಕ್ಷನ್ 103ರಡಿ ಮರಣದಂಡನೆ ಅಥವಾ ಜೀವಾವಧಿ. ವಿನಾಯಿತಿ ಸಿಕ್ಕರೆ ಸೆಕ್ಷನ್ 105, ಅಂದರೆ ಐದರಿಂದ ಹತ್ತು ವರ್ಷಕ್ಕೂ ಇಳಿಯಬಹುದು.

ಆದರೆ ‘ಹಠಾತ್’ ಎಂಬ ಪದವೇ ಆರೋಪಿಗೆ ತೊಡಕು. ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ಆತ ಮನೆ ಬಿಟ್ಟದ್ದು ಮಧ್ಯಾಹ್ನ 1.30ಕ್ಕೆ, ಗುಂಡು ಹಾರಿದ್ದು 4.20ಕ್ಕೆ. ನಡುವೆ ಹಡಗಿಗೆ ಹೋಗಿ ರಿವಾಲ್ವರ್ ಪಡೆದಿದ್ದ. ಸಿಟ್ಟು ತಣಿಯಲು ಅಷ್ಟು ಹೊತ್ತು ಸಾಕು ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ವಿನಾಯಿತಿ ನಿರಾಕರಿಸಿತು. ಹಾಗಾಗಿ ಮರ್ಯಾದೆಗೇಡು ಹತ್ಯೆಯ ತನಿಖೆಯಲ್ಲಿ ಗಡಿಯಾರವೇ ಮುಖ್ಯ ಸಾಕ್ಷಿ. ಮದುವೆಯ ಸುದ್ದಿ ತಂದೆಗೆ ತಿಳಿದದ್ದು ಯಾವಾಗ, ಆಮೇಲೆ ಯಾರಿಗೆ ಫೋನ್ ಮಾಡಿದ, ಮಗಳನ್ನು ‘ಮಾತಾಡೋಣ ಬಾ’ ಎಂದು ಕರೆಸಿಕೊಂಡನೇ, ಮಚ್ಚು ಎಲ್ಲಿಂದ ಬಂತು? ಕರೆ ವಿವರ, ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ಸಂಗ್ರಹವಾಗಬೇಕು. ಕೇಸು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಸಾಕ್ಷಿಗಳೆಲ್ಲ ಮನೆಯವರೇ. ಮಗಳನ್ನು ವಿದ್ಯುತ್ ತಂತಿಯಿಂದ ಬಿಗಿದು ಕೊಂದ ದೆಹಲಿಯ ಪ್ರಕರಣವೊಂದರಲ್ಲಿ ಆರೋಪಿಯ ತಾಯಿಯೇ ಪ್ರತಿಕೂಲ ಸಾಕ್ಷಿಯಾದರು. ಆದರೂ ಸಾಂದರ್ಭಿಕ ಸಾಕ್ಷ್ಯ ಗಟ್ಟಿಯಾಗಿದ್ದರಿಂದ 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು.

ಪ್ರಶ್ನೆ: ನಾವಿಬ್ಬರೂ ವಯಸ್ಕರು. ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಹಾಕಿದರೆ ಮನೆಯವರಿಗೆ ಗೊತ್ತಾಗುತ್ತದೆಯೇ?

ಉತ್ತರ: ಗೊತ್ತಾಗುವ ಸಾಧ್ಯತೆ ಇದೆ. 1954ರ ಈ ಕಾಯ್ದೆಯಲ್ಲಿ ನೋಟಿಸ್ ಪ್ರಕಟಿಸುವ ಪದ್ಧತಿ ಬ್ರಿಟಿಷರ ಕಾಲದ 1872ರ ವಿಶೇಷ ವಿವಾಹ ಕಾಯ್ದೆಯಿಂದ ಬಂದ ಬಳುವಳಿ. ನಿಮ್ಮ ಹೆಸರು, ವಿಳಾಸ ಮದುವೆ ಅಧಿಕಾರಿಯ ಕಚೇರಿಯ ಫಲಕದಲ್ಲಿ 30 ದಿನ ಇರುತ್ತದೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿನ ಕಚೇರಿಯಲ್ಲೂ ಅಂಟಿಸುತ್ತಾರೆ. ಊರಿಗೆ ಸುದ್ದಿ ಮುಟ್ಟುವುದು ಆ ಎರಡನೇ ಫಲಕದಿಂದ. ಆಕ್ಷೇಪಣೆ ಬಂದರೂ ವಯಸ್ಸು, ಜೀವಂತ ಸಂಗಾತಿ, ನಿಷಿದ್ಧ ರಕ್ತಸಂಬಂಧ, ಮಾನಸಿಕ ಸಾಮರ್ಥ್ಯ ಇವಿಷ್ಟೇ ಲೆಕ್ಕಕ್ಕೆ. ಅಪ್ಪ–ಅಮ್ಮನ ಒಪ್ಪಿಗೆ ಇಲ್ಲ ಎಂಬುದು ಆಕ್ಷೇಪಣೆಯೇ ಅಲ್ಲ.

ಆದ್ದರಿಂದ ರಕ್ಷಣೆಯ ಅರ್ಜಿ ಮೊದಲು, ನೋಟಿಸ್ ಆಮೇಲೆ. ಮರ್ಯಾದೆಗೇಡು ಹತ್ಯೆ ತಡೆಯುವ ಬಗ್ಗೆ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2018ರ ತೀರ್ಪು ಉಲ್ಲೇಖಿಸಿ ಜಿಲ್ಲಾ ಎಸ್‌ಪಿಗೆ ಬರೆಯಿರಿ. ಬೆದರಿಕೆ ಹಾಕಿದವರು ಯಾರು, ಯಾವಾಗ, ಏನೆಂದರು ಎಂಬುದು ಅದರಲ್ಲಿರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ. ಸುರಕ್ಷಿತ ವಸತಿ ಕೇಳಬಹುದು: ಮೊದಲು ಒಂದು ತಿಂಗಳು, ಅಪಾಯ ನೋಡಿಕೊಂಡು ತಿಂಗಳು ತಿಂಗಳು ವಿಸ್ತರಣೆ, ಒಟ್ಟು ಒಂದು ವರ್ಷ ಮೀರದಂತೆ. ತುರ್ತಿಗೆ 112.

ಮನೆಯವರು ‘ಅಪಹರಣ’ ಎಂದು ದೂರು ಕೊಡುವುದು ಮಾಮೂಲಿ. ಆಗ ಯುವತಿಯ ಹೇಳಿಕೆ ಠಾಣೆಯಲ್ಲೇ ಮುಗಿಯಬಾರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 183ರಡಿ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಲಿ, ಆ ಹೊತ್ತಿನಲ್ಲಿ ಮನೆಯವರು ಯಾರೂ ಕೋಣೆಯಲ್ಲಿ ಇರದಂತೆ ಕೇಳಿಕೊಳ್ಳಿ.