ಮಂಡ್ಯದ ಜನಸಂಖ್ಯೆ ನಿಂತಿದ್ದು ಏಕೆ?

ನಮಸ್ಕಾರ. ಮಂಡ್ಯ ಜಿಲ್ಲೆಯ ಜನಸಂಖ್ಯೆ 2001ರಿಂದ 2011ರವರೆಗೆ ಹೆಚ್ಚುಕಡಿಮೆ ಬೆಳೆಯಲೇ ಇಲ್ಲ, ಹೆರಿಗೆ ಕಡಿಮೆಯಾಗಿದ್ದೇ ಕಾರಣವೇ ಎಂದು ಕೇಳಿದ್ದೀರಿ. ಅದೊಂದೇ ಅಲ್ಲ.

ಆ ದಶಕದಲ್ಲಿ ಕರ್ನಾಟಕ ಶೇ. 15ಕ್ಕಿಂತ ಹೆಚ್ಚು ಬೆಳೆಯಿತು, ಮಂಡ್ಯ ಶೇ. 3ನ್ನೂ ಮುಟ್ಟಲಿಲ್ಲ. ದಶಕದ ಕೊನೆಗೆ ರಾಜ್ಯದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 19 ಜನನ, 7 ಮರಣ, ಅಂದರೆ ವಲಸೆ ಬಿಟ್ಟು ವರ್ಷಕ್ಕೆ ಸಾವಿರಕ್ಕೆ 12ರಷ್ಟು ಏರಿಕೆ. ಮಂಡ್ಯದ ಜನನ ಪ್ರಮಾಣ ಇನ್ನಷ್ಟು ಕಡಿಮೆ ಎಂದಿಟ್ಟುಕೊಂಡರೂ ಹತ್ತು ವರ್ಷಕ್ಕೆ ಶೇ. 3ಕ್ಕಿಂತ ಸಾಕಷ್ಟು ಹೆಚ್ಚೇ ಬೆಳೆಯಬೇಕಿತ್ತು. ಆ ವ್ಯತ್ಯಾಸದಷ್ಟು ಜನ ಊರು ಬಿಟ್ಟು ಹೆಚ್ಚಾಗಿ ಬೆಂಗಳೂರು, ಮೈಸೂರು ಸೇರಿದರು. ಹೋಗುವವರು ಮದುವೆ ವಯಸ್ಸಿನವರೇ ಆದ್ದರಿಂದ ಅವರ ಮಕ್ಕಳೂ ಅಲ್ಲೇ ಹುಟ್ಟುತ್ತಾರೆ.

ನಿಮ್ಮ ಅಜ್ಜಿಗೆ ಒಂಬತ್ತು ಮಕ್ಕಳು ಅಂದಿರಿ. ಆ ಕಾಲದಲ್ಲಿ ಎಷ್ಟು ಕೂಸು ಉಳಿದಾವೆಂಬ ಖಾತ್ರಿಯೇ ಇರಲಿಲ್ಲ. ಕನ್ನಂಬಾಡಿ ನಾಲೆ ನೀರಿನ ಜೊತೆ ಮಂಡ್ಯಕ್ಕೆ ಮಲೇರಿಯಾವೂ ಬಂತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸೊಳ್ಳೆ ಕೊಲ್ಲುವ ಡಿಡಿಟಿ ಪುಡಿಯ ಸಿಂಪಡಣೆ ಶುರುವಾದ ಮೇಲೆ ಸಾವು ಬೇಗ ಇಳಿಯಿತು, ಹೆರಿಗೆ ಇಳಿಯಲು ಇನ್ನೂ ದಶಕಗಳೇ ಹಿಡಿದವು. ಆ ನಡುವಿನ ಅಂತರದಲ್ಲೇ ಜನ ಹೆಚ್ಚಿದ್ದು. ಹಾಗಂತ ಸರ್ಕಾರ ಸುಮ್ಮನಿತ್ತು ಅನ್ನಬೇಡಿ: ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ನನಗೆ ಬಹಳ ಹೆಮ್ಮೆಯ ವಿಷಯವದು.

ಈಗ ರಾಜ್ಯದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು (2019-21ರ ಕುಟುಂಬ ಆರೋಗ್ಯ ಸಮೀಕ್ಷೆ), ತಲೆಮಾರು ಸರಿದೂಗಲು 2.1 ಬೇಕು. ಮುಂದೆ ಊರಲ್ಲಿ ಮರಣ ಪ್ರಮಾಣ ಏರಿದರೆ ಆಸ್ಪತ್ರೆ ಕೆಟ್ಟಿದೆ ಎಂದುಕೊಳ್ಳಬೇಡಿ. ವಯಸ್ಸಾದವರ ಪಾಲು ಹೆಚ್ಚಿದರೆ ಅದು ಏರಲೇಬೇಕು, ಕೇರಳದಲ್ಲಿ ಆಗಿರುವುದೂ ಇದೇ. ನಿಮ್ಮೂರಿನ ಲೆಕ್ಕ ಬೇಕಿದ್ದರೆ ಜನನ ನೋಂದಣಿಯನ್ನೂ ಶಾಲೆಯ ಒಂದನೇ ತರಗತಿ ದಾಖಲಾತಿಯನ್ನೂ ಜೊತೆಗಿಟ್ಟು ನೋಡಿ. ಆದರೆ ತವರಿನ ಹೆರಿಗೆಗಳನ್ನು, ಪಟ್ಟಣದ ಖಾಸಗಿ ಶಾಲೆಗೆ ವ್ಯಾನ್ ಹತ್ತುವ ಮಕ್ಕಳನ್ನು ಬೇರೆಯಾಗಿ ಎಣಿಸಿ.